ಎಕ್ಸ್ ತೆಗೆದ ಜಾಗದಲ್ಲಿ ಏನಿಡಬೇಕು?

ವೆಬ್ ಎಪಿಐಗೆ ತಮ್ಮದೇ ಒಂದು ಹೆಡರ್ ಸೇರಿಸಬೇಕಾಗಿ ಬಂದಾಗ ಅನೇಕ ಪ್ರೋಗ್ರಾಮರ್‌ಗಳ ಬೆರಳು ಇಂದಿಗೂ ತಾನಾಗಿ ‘ಎಕ್ಸ್-’ ಎಂದೇ ಶುರುಮಾಡುತ್ತದೆ. ಆ ರೂಢಿ ಸಾಕು ಎಂದು ಇಂಟರ್ನೆಟ್ ಮಾನಕಗಳನ್ನು ರೂಪಿಸುವ ಐಇಟಿಎಫ್ 2012ರಲ್ಲೇ ಹೇಳಿಯಾಗಿದೆ. ಪೀಟರ್ ಸೇಂಟ್-ಆಂಡ್ರೆ, ಡೇವ್ ಕ್ರಾಕರ್, ಮಾರ್ಕ್ ನಾಟಿಂಗ್‌ಹ್ಯಾಮ್ ಬರೆದ ಆರ್‌ಎಫ್‌ಸಿ 6648 ಪುಟ್ಟ ದಾಖಲೆ. ಬೇಡವೆಂದದ್ದಕ್ಕೆ ಅದು ಕೊಡುವ ಕಾರಣಗಳು ಗಟ್ಟಿ. ಬದಲಿಗೆ ತೋರಿಸುವ ದಾರಿ ತೆಳು.

ಎಕ್ಸ್‌ನ ಕಥೆ ಎಚ್‌ಟಿಟಿಪಿಗಿಂತ ಹಳೆಯದು. 1975ರಲ್ಲಿ ಎಫ್‌ಟಿಪಿ ಚರ್ಚೆಯಲ್ಲಿ ಮೂಡಿದ ಸಲಹೆ 1982ರ ಹೊತ್ತಿಗೆ ಇಮೇಲ್ ನಿಯಮವಾಯಿತು: ಎಕ್ಸ್ ಇದ್ದರೆ ಖಾಸಗಿ, ಇಲ್ಲದಿದ್ದರೆ ಅಧಿಕೃತ. ಆದರೆ ಚೆನ್ನಾಗಿ ಕೆಲಸ ಮಾಡುವ ಹೆಡರ್ ಖಾಸಗಿಯಾಗಿ ಉಳಿಯುವುದಿಲ್ಲ. ತೊಟ್ಟಿಲಲ್ಲಿ ಕರೆದ ಮುದ್ದಿನ ಹೆಸರೇ ಶಾಲೆಯ ದಾಖಲೆಗೂ ಹೋದಂತೆ, ಸ್ಕ್ವಿಡ್ ಪ್ರಾಕ್ಸಿಯವರು ತಮ್ಮ ಅನುಕೂಲಕ್ಕೆ ಹುಟ್ಟಿಸಿದ ‘ಎಕ್ಸ್-ಫಾರ್ವರ್ಡೆಡ್-ಫಾರ್’ ಲೋಕಕ್ಕೆಲ್ಲ ಅದೇ ಹೆಸರಾಗಿ ನಿಂತಿತು. 2014ರಲ್ಲಿ ‘ಫಾರ್ವರ್ಡೆಡ್’ ಎಂಬ ಅಧಿಕೃತ ಹೆಡರ್ ಬಂದರೂ ಹಳೆಯದು ಜಾಗ ಬಿಟ್ಟಿಲ್ಲ. ಎರಡನ್ನೂ ಓದುವ ಸರ್ವರ್‌ನಲ್ಲಿ ಯಾವುದನ್ನು ನಂಬಬೇಕೆಂಬ ಭದ್ರತೆಯ ತಲೆನೋವು ಬೇರೆ.

ಇಷ್ಟನ್ನು ಆರ್‌ಎಫ್‌ಸಿ ಸರಿಯಾಗಿಯೇ ಗ್ರಹಿಸಿದೆ. ಹೊಸ ಹೆಸರಿಗೆ ಮಾತ್ರ ಅದರ ಸಲಹೆ ಇಷ್ಟೇ: ಅರ್ಥವುಳ್ಳದ್ದಿರಲಿ, ಬೇರೆಯವರು ಬಳಸುತ್ತಿಲ್ಲವೆಂದು ನಂಬಲು ಕಾರಣವಿರಲಿ. ನೋಂದಣಿಯಾಗದ ಸಾವಿರಾರು ಹೆಡರ್‌ಗಳ ನಡುವೆ ಇದನ್ನು ತಿಳಿಯುವುದು ಹೇಗೆ? ಎಂದೂ ಪ್ರಮಾಣಿತವಾಗದ ಹೆಡರ್‌ಗೆ ಸಂಸ್ಥೆಯ ಹೆಸರನ್ನು ಸೇರಿಸಬಹುದೆಂಬ ಒಳ್ಳೆಯ ಸಲಹೆ ಅನುಬಂಧದಲ್ಲಿ ಅವಿತು ಕೂತಿದೆ. ನನ್ನ ಮಟ್ಟಿಗೆ ಅದು ಮೊದಲ ಪುಟದಲ್ಲಿರಬೇಕಿತ್ತು.

‘ಸ್ಟ್ರೈಪ್-ಸಿಗ್ನೇಚರ್’ ನೋಡಿ: ಯಾರದು, ಯಾತಕ್ಕೆ ಎಂಬುದು ಎರಡೇ ಪದದಲ್ಲಿ ತಿಳಿಯುತ್ತದೆ. ಎದುರಿಗೆ ‘ಎಕ್ಸ್-ರೇಟ್‌ಲಿಮಿಟ್-ರೀಸೆಟ್’ ಇಡಿ. ಗಿಟ್‌ಹಬ್‌ನಲ್ಲಿ ಅದರ ಮೌಲ್ಯ 1970ರಿಂದ ಎಣಿಸಿದ ಸೆಕೆಂಡುಗಳು. ಬೇರೆ ಕೆಲವು ಸೇವೆಗಳಲ್ಲಿ ಇನ್ನೆಷ್ಟು ಸೆಕೆಂಡು ಕಾಯಬೇಕೆಂಬ ಲೆಕ್ಕ. ಮೊದಲನೆಯದನ್ನು ಎರಡನೆಯದೆಂದು ಓದಿಕೊಂಡ ಪ್ರೋಗ್ರಾಮ್ ಐವತ್ತು ವರ್ಷ ದಾಟಿ ಕಾಯಲು ಕೂರುತ್ತದೆ! ಯಾರ ಲೆಕ್ಕವೆಂದು ಹೆಸರೇ ಹೇಳಿದ್ದರೆ, ಎಲ್ಲರದ್ದೂ ಒಂದೇ ಎಂಬ ಭ್ರಮೆಯಾದರೂ ಹುಟ್ಟುತ್ತಿರಲಿಲ್ಲ. ಕಂಪನಿಗಳು ಹೆಸರು ಬದಲಿಸುತ್ತವೆ, ಮಾರಾಟವಾಗುತ್ತವೆ, ಆಗ ಹೆಡರ್ ಅನಾಥವಾಗುವುದಿಲ್ಲವೇ ಎಂಬ ಆಕ್ಷೇಪವಿದೆ. ಆಗುತ್ತದೆ; ಆದರೆ ಹಳಸಿದ ಹೆಸರಿನಿಂದ ಮುಜುಗರವಷ್ಟೇ, ಡಿಕ್ಕಿ ಹೊಡೆಯುವ ಹೆಸರಿನಿಂದ ನಷ್ಟ.

ದಿನನಿತ್ಯದ ಎಡವಟ್ಟುಗಳ ಬಗ್ಗೆಯೂ ಆರ್‌ಎಫ್‌ಸಿ ಮೌನಿ. ಹೆಸರಿನಲ್ಲಿ ಅಂಡರ್‌ಸ್ಕೋರ್ ಇದ್ದರೆ ಎನ್‌ಜಿನ್ಎಕ್ಸ್ ಆ ಹೆಡರನ್ನು ಸದ್ದಿಲ್ಲದೆ ಕೈಬಿಡುತ್ತದೆ. ಸೆಟ್ಟಿಂಗ್ ಬದಲಿಸುವವರೆಗೂ ಅದೇ ಪಾಡು. ಎಚ್‌ಟಿಟಿಪಿ/2ರಲ್ಲಿ ಹೆಸರುಗಳೆಲ್ಲ ಸಣ್ಣ ಅಕ್ಷರದಲ್ಲೇ ಸಾಗುವುದರಿಂದ ದೊಡ್ಡಕ್ಷರದ ಅಲಂಕಾರ ವ್ಯರ್ಥ.

ಹೊಸ ಹೆಡರ್ ಇಡುವ ಮುನ್ನ ‘ರಿಟ್ರೈ-ಆಫ್ಟರ್’ನಂಥ ಪ್ರಮಾಣಿತ ಹೆಡರ್ ಆ ಕೆಲಸಕ್ಕೆ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ನಿಮ್ಮ ಸಂಸ್ಥೆಯ ಹೆಸರು, ಒಂದು ಹೈಫನ್, ಕೆಲಸದ ಹೆಸರು, ಅಷ್ಟು ಸಾಕು. ಬಳಕೆಯಲ್ಲಿರುವ ಎಕ್ಸ್ ಹೆಡರ್‌ಗಳಿಗೆ ಮಾತ್ರ ಮರುನಾಮಕರಣ ಮಾಡಲು ಹೋಗಬೇಡಿ. ಆರ್‌ಎಫ್‌ಸಿಯೂ ಅದನ್ನು ಕೇಳಿಲ್ಲ.