ಎತ್ತಿನ ಸಿಂಗಾರವೂ ಔಚಿತ್ಯವೂ

ಕಾವ್ಯದ ಅಲಂಕಾರವನ್ನು ಕುರಿತು ನಮ್ಮಲ್ಲಿ ನಡೆದಿರುವ ಚರ್ಚೆಗೆ ಲೆಕ್ಕವಿಲ್ಲ. ಎತ್ತಿನ ಅಲಂಕಾರವನ್ನು ವಿಮರ್ಶಿಸಲು ಹೊರಟರೆ ಮಾತ್ರ ವಾಚಕರು ನಕ್ಕಾರು. ನಗುವ ಮೊದಲು ಅವರು ಒಮ್ಮೆ ಹಾಸನ ಜಿಲ್ಲೆಯ ದನಗಳ ಜಾತ್ರೆಗೆ ಹೋಗಿಬರಲಿ ಎಂದು ನನ್ನ ವಿನಂತಿ. ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟವಾದರೂ ಆದೀತು, ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಡದ ರಾಮನಾಥಪುರವಾದರೂ ಆದೀತು. ಇಂಥ ಜಾತ್ರೆಗಳಿಗೆ ಹಳ್ಳಿಕಾರ್ ಜೋಡಿಗಳು ಮಾರಾಟಕ್ಕಷ್ಟೇ ಬರುವುದಿಲ್ಲ. ವಾದ್ಯದ ಹಿಂದೆ ಮೆರವಣಿಗೆಯಲ್ಲಿ ಬರುತ್ತವೆ, ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ್ದು ಎಂದು ಬೇರೆ ಬೇರೆಯಾಗಿ ನಿಂತು ಬಹುಮಾನಕ್ಕೆ ಸ್ಪರ್ಧಿಸುತ್ತವೆ.

ಈ ಸ್ಪರ್ಧೆಗೆ ಜೋಡಿಯನ್ನು ಸಿಂಗರಿಸುವುದು ಒಂದು ಕಲೆ. ಕೊಂಬಿನ ತುದಿಗೆ ಹಿತ್ತಾಳೆಯ ಅಣಸು, ಹಣೆಗೆ ಪಟ್ಟಿ, ಕೊರಳಿಗೆ ಹುರಿಗೆಜ್ಜೆ, ಬೆನ್ನಿಗೆ ಜೂಲು—ಸಾಮಗ್ರಿ ಎಲ್ಲರಿಗೂ ಇಷ್ಟೇ. ಎಲ್ಲಿ, ಎಷ್ಟು ಎಂಬುದರಲ್ಲಿ ಕಟ್ಟುವವನ ಬುದ್ಧಿಯಿದೆ. ಹಳ್ಳಿಕಾರಿನ ಚೆಲುವೆಲ್ಲ ಅದರ ಗೆರೆಯಲ್ಲಿದೆ: ಬುಡದಲ್ಲಿ ಹತ್ತಿರ ಹತ್ತಿರ ಹುಟ್ಟಿ ಹಿಂದಕ್ಕೆ ಬಾಗಿ ಚೂಪಾಗುವ ಕೊಂಬು, ನೀಳವಾದ ಮುಖ, ಮಟ್ಟಸವಾದ ಬೆನ್ನು, ಬಿಗಿಯಾದ ಕಾಲು. ಅಲಂಕಾರ ಈ ಗೆರೆಯನ್ನು ಎತ್ತಿ ತೋರಿಸಬೇಕೆ, ಮುಚ್ಚಿಬಿಡಬೇಕೆ? ನನ್ನ ಪ್ರಶ್ನೆ ಇಷ್ಟೇ.

ಕೆಲವು ವರ್ಷಗಳ ಹಿಂದೆ ಜಿಲ್ಲೆಯ ಒಂದು ಜಾತ್ರೆಯಲ್ಲಿ ಎರಡು ಜೋಡಿಗಳನ್ನು ಅಕ್ಕಪಕ್ಕದಲ್ಲಿ ಕಂಡೆ. ಮೊದಲನೆಯದಕ್ಕೆ ಪೇಟೆಯಿಂದ ತಂದ ಮಖಮಲ್ಲಿನ ಜೂಲು. ಕೊರಳಿನಿಂದ ಬಾಲದ ಬುಡದವರೆಗೆ ಜರಿಯ ಹೂವು. ಕೊಂಬಿಗೆ ಬಣ್ಣದ ಟೇಪು ಸುತ್ತಿ ಬಲೂನು ಕಟ್ಟಿದ್ದರು. ಹಣೆಯ ಮೇಲೆ ಪ್ಲಾಸ್ಟಿಕ್ ಹೂವಿನ ದಂಡೆ ಕಣ್ಣಿನವರೆಗೆ ಇಳಿದು, ಎತ್ತು ಮತ್ತೆ ಮತ್ತೆ ತಲೆ ಕೊಡವುತ್ತಿತ್ತು. ಜನ ಅದರ ಸುತ್ತ ಕಿಕ್ಕಿರಿದಿದ್ದರು.

ಎರಡನೆಯ ಜೋಡಿಯ ಜೂಲು ಹಳೆಯ ಸೀರೆಯದು. ಭುಜದ ಡುಬ್ಬದ ಹಿಂದಿನಿಂದ ಆರಂಭವಾಗಿ ಪಕ್ಕೆಯ ಅರ್ಧಕ್ಕೇ ನಿಂತಿತ್ತು. ಅದರ ಕೆಂಪು ಅಂಚು ಬೆನ್ನಿನ ಗೆರೆಯನ್ನೇ ಹಿಡಿದು ಸಾಗಿತ್ತು. ಬೂದುಬಣ್ಣದ ಮೈಮೇಲೆ ಕುಂಚದಿಂದ ಒಮ್ಮೆ ಎಳೆದಂತೆ. ಹಣೆಪಟ್ಟಿ ಎರಡು ಬೆರಳಗಲ, ಸುಳಿ ಕಾಣುವಂತೆ. ಎಡದ ಎತ್ತಿನ ಗೆಜ್ಜೆಯ ದನಿ ಒಂದು, ಬಲದ್ದು ಇನ್ನೊಂದು. ಏಕೆಂದು ಕೇಳಿದೆ. ಕತ್ತಲಲ್ಲಿ ಗಾಡಿ ಹೊಡೆಯುವಾಗ ಯಾವುದು ಹಿಂದೆ ಬಿತ್ತೆಂದು ಕಿವಿಯಲ್ಲೇ ತಿಳಿಯುತ್ತದೆಂದು ಯಜಮಾನರು ಹೇಳಿದರು.

“ಜೂಲು ಇಷ್ಟು ಚಿಕ್ಕದಾಯಿತಲ್ಲ, ಯಜಮಾನರೆ?”

“ಎತ್ತು ನೋಡಕ್ಕೆ ಬಂದೋರಿಗೆ ಎತ್ತು ಕಾಣಬೇಕಲ್ವ ಸ್ವಾಮಿ? ಬಟ್ಟೆ ನೋಡೋದಾದ್ರೆ ಪೇಟೇಲಿ ಅಂಗಡಿ ಐತೆ.”

“ಹೊಲಿದವರು ಯಾರು?”

“ಇನ್ಯಾರು? ನಮ್ಮನೇಲಿ.”

ಅವರ ಮನೆಯಾಕೆ ಜಾತ್ರೆಗೆ ಬಂದಿರಲಿಲ್ಲ.

ಬಹುಮಾನ ಮೊದಲನೆಯ ಜೋಡಿಗೆ ಹೋಯಿತು. ಆ ಎತ್ತುಗಳು ಅದಕ್ಕೆ ಅರ್ಹವೇ ಆಗಿದ್ದಿರಬಹುದು. ನನಗೆ ಮಾತ್ರ ತಿಳಿಯುವ ಬಗೆಯಿರಲಿಲ್ಲ, ಕಂಡದ್ದು ಮಖಮಲ್ಲು.

ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ಔಚಿತ್ಯವನ್ನು ವಿವರಿಸುತ್ತ, ಸೊಂಟದ ಡಾಬನ್ನು ಕೊರಳಿಗೂ ಕೊರಳ ಹಾರವನ್ನು ಸೊಂಟಕ್ಕೂ ತೊಟ್ಟವರನ್ನು ಕಂಡು ಯಾರು ತಾನೆ ನಗುವುದಿಲ್ಲ ಎಂಬರ್ಥದ ಮಾತು ಹೇಳಿದ್ದಾನೆ. ನಮ್ಮ ಯಜಮಾನರು ಕ್ಷೇಮೇಂದ್ರನನ್ನು ಓದಿದವರಲ್ಲ. ಆದರೆ ಅವರ ಜೋಡಿಯ ಮೇಲೆ ಸ್ಥಾನ ತಪ್ಪಿದ ಒಂದು ದಾರವೂ ಇರಲಿಲ್ಲ.

ಜಾತ್ರೆಯೆಂದರೆ ಮೆರೆಯುವುದೇ ಅಲ್ಲವೆ, ಅದಕ್ಕೆ ಮಿತಿ ಹಾಕಲು ನೀನು ಯಾರು ಎಂದು ಕೇಳುವವರುಂಟು. ಅಲಂಕಾರ ಹೆಚ್ಚಾಯಿತೆಂಬುದು ನನ್ನ ದೂರಲ್ಲ. ಇದೇ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರಲ್ಲಿ ಕಟ್ಟಿದ ಲಕ್ಷ್ಮೀನರಸಿಂಹ ದೇವಾಲಯವಿದೆ. ಅಲ್ಲಿಯ ವಿಗ್ರಹಗಳ ಮೇಲೆ ಒಡವೆಗೆ ಬರವೇ? ಆದರೂ ಮೊಣಕಾಲಿನ ಬಾಗು, ಸೊಂಟದ ತಿರುವು ಯಾವ ಹಾರದ ಕೆಳಗೂ ಕಳೆದುಹೋಗಿಲ್ಲ. ತುಂಬ ತೊಡಿಸಿಯೂ ಮೈಯನ್ನು ಉಳಿಸಿಕೊಳ್ಳಬಹುದು; ತೊಡಿಸುವವನಿಗೆ ಮೈ ಗೊತ್ತಿರಬೇಕು.

ದೂರದ ಒಂದು ಉದಾಹರಣೆ ಇಲ್ಲಿ ನೆನಪಾಗುತ್ತದೆ. ಅಮೆರಿಕದಲ್ಲಿ ರೋಡಿಯೋ ಎಂಬ ದನಗಾಹಿಗಳ ಕ್ರೀಡೆಯುಂಟು. ಅದಕ್ಕೊಬ್ಬ ರಾಣಿಯನ್ನು ಆರಿಸುವ ವಾಡಿಕೆಯೂ ಉಂಟು. ‘ಮಿಸ್ ರೋಡಿಯೋ ಅಮೆರಿಕ’ ಸ್ಪರ್ಧೆ 1955ರಲ್ಲಿ ಆರಂಭವಾಯಿತು. ಅಲ್ಲಿ ರೂಪಕ್ಕೂ ನಡೆನುಡಿಗೂ ಅಂಕವಿರುವಂತೆ ಕುದುರೆ ಸವಾರಿಗೂ ಅಂಕವಿದೆ. ತಮ್ಮ ಉಡುಪನ್ನು ತಾವೇ ಕಲ್ಪಿಸಿ ಹೊಲಿಸಿಕೊಳ್ಳುವ, ಕೆಲವೊಮ್ಮೆ ತಾವೇ ಹೊಲಿದುಕೊಳ್ಳುವ ಹುಡುಗಿಯರಿದ್ದಾರೆ. ಹರಳು ಎಷ್ಟೇ ಕೂರಿಸಲಿ, ಅದನ್ನು ತೊಟ್ಟೇ ಕುದುರೆಯನ್ನು ನಡೆಸಬೇಕು. ತೋಳು ಬಿಗಿದರೆ ಲಗಾಮು ಹಿಡಿತಕ್ಕೆ ಸಿಗದು. ಹೀಗೆ ಉಡುಪಿನ ಪರೀಕ್ಷೆ ಕೆಲಸದಲ್ಲಿಯೇ ಆಗಿಬಿಡುತ್ತದೆ. ಇನ್ನೂ ಒಂದು ಮಾತು: ಅಲ್ಲಿ ಕಲ್ಪಿಸಿದವಳೂ ತೊಟ್ಟವಳೂ ಮೆಚ್ಚುಗೆ ಪಡೆದವಳೂ ಒಬ್ಬಳೇ.

ನಮ್ಮಲ್ಲಿ ಹಾಗಲ್ಲ. ತೊಡುವುದು ಎತ್ತು, ಬಹುಮಾನ ಒಡೆಯನಿಗೆ, ಹೊಲಿದವಳು ಮನೆಯಲ್ಲಿ. ಈಗ ಹಾಸನ, ಹೊಳೆನರಸೀಪುರದ ಅಂಗಡಿಗಳಿಗೆ ಹೋದರೆ ಜೋಡಿಗೆ ಬೇಕಾದದ್ದೆಲ್ಲ ಸಿದ್ಧವಾಗಿಯೇ ಸಿಗುತ್ತದೆ. ಕೊಳ್ಳುವವರನ್ನು ನಾನು ಹಳಿಯುವುದಿಲ್ಲ. ಕಣ್ಣು ಕುಕ್ಕುವುದಕ್ಕೆ ಬಹುಮಾನ ಸಿಗುವಾಗ ಸೀರೆ ಕತ್ತರಿಸಿ ಕೂರುವವರು ಯಾರು? ಆದರೆ ಎಲ್ಲ ಜೋಡಿಗಳೂ ಒಂದೇ ಅಂಗಡಿಯ ಹಾಗೆ ಕಾಣತೊಡಗಿದ ದಿನ, ಈ ಎತ್ತಿನ ಮೈಗೆ ಈ ಬಟ್ಟೆ ಎಂದು ಅಳೆದು ನೋಡುತ್ತಿದ್ದ ಕಣ್ಣೊಂದು ಮುಚ್ಚಿಹೋಗುತ್ತದೆ.

ತೀರ್ಪುಗಾರರಲ್ಲಿ ನನ್ನದು ಎರಡು ಬಿನ್ನಹ. ಜೋಡಿಯನ್ನು ಮೊದಲು ಬರಿಮೈಯಲ್ಲಿ ನಡೆಸಿ ನೋಡಿ, ಆಮೇಲೆ ಸಿಂಗರಿಸಿ ನಡೆಸಿ. ಸಿಂಗಾರಕ್ಕೆ ಬೇರೆಯೇ ಅಂಕ ಕೊಡಿ. ಆ ಅಂಕವನ್ನು ಸಾರುವಾಗ ಸಿಂಗರಿಸಿದವರ ಹೆಸರನ್ನೂ ಹೇಳಿ. ನುಗ್ಗೇಹಳ್ಳಿಯ ಶಿಲ್ಪಿಗಳಾದ ಬೈಚೋಜನೂ ಮಲ್ಲಿತಮ್ಮನೂ ತಾವು ಕಡೆದ ಕಲ್ಲಿನ ಮೇಲೆ ಹೆಸರು ಬರೆದುಕೊಂಡರು. ಅದರಿಂದ ದೇವರಿಗೇನೂ ಕಡಮೆಯಾಗಲಿಲ್ಲ.

ಹೊರಡುವ ಮುನ್ನ ಆ ಹಳೆಯ ಸೀರೆಯ ಜೂಲನ್ನು ಮಗುಚಿ ನೋಡಿದೆ. ಎತ್ತಿನ ಚರ್ಮಕ್ಕೆ ಒತ್ತದಿರಲೆಂದು ದಾರದ ಗಂಟುಗಳನ್ನೆಲ್ಲ ಎರಡು ಪದರದ ನಡುವೆ ಸೇರಿಸಿ ಹೊಲಿದಿತ್ತು. ತೀರ್ಪುಗಾರರು ಅದನ್ನು ಮಗುಚಿರಲಿಲ್ಲ.