‘ಯಾಡಿ’ ಎನ್ನುವವರು ಹಿಂದಿಯವರಲ್ಲ

2001ರಿಂದ 2011ಕ್ಕೆ ಕರ್ನಾಟಕದ ಜನಸಂಖ್ಯೆ 5.28 ಕೋಟಿಯಿಂದ 6.1 ಕೋಟಿಗೆ ಏರಿತು. ಇದರಲ್ಲಿ ಹೊರಗಿನಿಂದ ಬಂದವರೆಷ್ಟು ಎಂಬ ವಾದ ಎದ್ದಾಗಲೆಲ್ಲ ಜನಗಣತಿಯ ಭಾಷಾ ಕೋಷ್ಟಕವನ್ನೇ ಕೊನೆಯ ಸಾಕ್ಷಿಯೆಂದು ಮುಂದಿಡುತ್ತಾರೆ. ಹಿಂದಿಯ ಸಾಲು ತೋರಿಸಿ ಉತ್ತರದವರ ಲೆಕ್ಕ ಹೇಳುತ್ತಾರೆ. ಆ ಕೋಷ್ಟಕಕ್ಕೆ ಸಿಕ್ಕಿರುವ ಮನ್ನಣೆ ಅದರ ಯೋಗ್ಯತೆಗಿಂತ ಬಹಳ ದೊಡ್ಡದು. ಕಲಬುರಗಿ ನಗರಕ್ಕೆ ಹತ್ತಿಕೊಂಡಿರುವ ಕುಸನೂರ, ಆಚೆಯ ಕಮಲಾಪುರದ ಲಂಬಾಣಿ ತಾಂಡಾಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದರೆ ಈ ಸಾಕ್ಷಿ ನಿಲ್ಲುವುದಿಲ್ಲ.

2011ರಲ್ಲಿ ದೇಶದಾದ್ಯಂತ ಜನ ಹೇಳಿದ 19,569 ಭಾಷಾ ಹೆಸರುಗಳನ್ನು ಸೋಸಿ, ಕೂಡಿಸಿ, ಕೊನೆಗೆ 121 ಭಾಷೆಗಳಿಗೆ ಇಳಿಸಲಾಯಿತು. ಹಿಂದಿಯ ತಲೆಬರಹದ ಕೆಳಗೆ ಐವತ್ತಕ್ಕೂ ಹೆಚ್ಚು ಮಾತೃಭಾಷೆಗಳಿವೆ. ಅವುಗಳಲ್ಲಿ ‘ಲಮಾಣಿ/ಲಂಬಾಡಿ’ ಎಂದು 32,76,548 ಜನ, ‘ಬಂಜಾರಿ’ ಎಂದು 15,81,271 ಜನ. ಎರಡೂ ಲಂಬಾಣಿಗರ ನುಡಿಯಾದ ಗೋರ್‌ಬೋಲಿಯ ಹೆಸರುಗಳೇ. ಹೆಸರು ಬೇರೆಯಾದದ್ದಕ್ಕೆ ಒಂದೇ ಭಾಷೆಯನ್ನು ಎರಡು ಮಾಡಿದ ಕೋಷ್ಟಕ, ಬೇರೆಯಾದ ಭಾಷೆಯನ್ನು ಹಿಂದಿಯೊಂದಿಗೆ ಒಂದು ಮಾಡಿದೆ. ಕೂಡಿಸಿದರೆ ಇವರು 48 ಲಕ್ಷ ದಾಟುತ್ತಾರೆ. 18 ಲಕ್ಷದ ತುಳುವಿಗೆ, ಒಂದು ಲಕ್ಷದ ಕೊಡವಕ್ಕೆ ಅಲ್ಲಿ ಸ್ವಂತ ಸಾಲಿದೆ, ಅದು ಸರಿಯೇ. ಗೋರ್‌ಬೋಲಿಗೆ ಮಾತ್ರ ಇಲ್ಲ. ಬಾಲ್ಯದಲ್ಲಿ ತಾಯಿ ಮಗುವಿನೊಂದಿಗೆ ಆಡಿದ ಮಾತೇ ಮಾತೃಭಾಷೆ ಎನ್ನುವುದು ಜನಗಣತಿಯದೇ ವ್ಯಾಖ್ಯೆ. ತಾಂಡಾದ ಮಗು ತಾಯಿಯನ್ನು ‘ಯಾಡಿ’ ಎಂದು ಕರೆಯುತ್ತದೆ. ಆ ಒಂದು ಪದವೇ ವರ್ಗೀಕರಣದ ತಪ್ಪನ್ನು ತೋರಿಸಿಕೊಡುತ್ತದೆ.

ಲಂಬಾಣಿ ರಾಜಸ್ಥಾನಿಯ ಬಳಗದ್ದು, ರಾಜಸ್ಥಾನಿ ಹಿಂದಿಯಡಿ ಇದೆ, ಹಾಗಾಗಿ ಇದೂ ಅಲ್ಲೇ ಇರಲಿ ಎಂದು ಕೆಲವರು ಸಮರ್ಥಿಸುತ್ತಾರೆ. ಬಳಗವೇ ಅಳತೆಯಾದರೆ ರಾಜಸ್ಥಾನಿಗೆ ಅಷ್ಟೇ ಹತ್ತಿರವಿರುವ ಗುಜರಾತಿಯೂ ಹಿಂದಿಯಡಿ ಹೋಗಬೇಕಿತ್ತು. ಗ್ರಿಯರ್ಸನ್ ತಮ್ಮ ಭಾಷಾ ಸಮೀಕ್ಷೆಯಲ್ಲಿ ಬಂಜಾರಿಗೆ ಪ್ರತ್ಯೇಕ ತಲೆಬರಹ ಕೊಟ್ಟು ನೂರು ವರ್ಷ ದಾಟಿದೆ. ಒಳಸಾಲುಗಳನ್ನು ಮುಚ್ಚಿಟ್ಟಿಲ್ಲವಲ್ಲ ಎಂಬ ಮಾತೂ ಇದೆ. ನಿಜ, ಆದರೆ ಭಾಷಣಕ್ಕೆ, ಪತ್ರಿಕೆಗೆ, ನೀತಿಗೆ ಹೋಗುವುದು ತಲೆಬರಹದ ಮೊತ್ತ. ಕನ್ನಡವೂ ಇಲ್ಲಿ ಪೂರ್ತಿ ನಿರ್ದೋಷಿಯಲ್ಲ. ಬಡಗ ನುಡಿಯವರು ಕನ್ನಡದ ಮೊತ್ತದಲ್ಲಿದ್ದಾರೆ. ಆ ಲೆಕ್ಕವನ್ನೂ ಪ್ರಶ್ನಿಸಲೇಬೇಕು.

ನನ್ನ ಹೆಚ್ಚಿನ ತಕರಾರು ನಮ್ಮವರೇ ಆದ ಭಾಷಾ ಚಿಂತಕರೊಂದಿಗೆ. ಹಿಂದಿ ಹೇರಿಕೆಯನ್ನು ನ್ಯಾಯವಾಗಿ ವಿರೋಧಿಸುವವರೇ ಈ ಮೊತ್ತವನ್ನು ಪ್ರಶ್ನೆಯಿಲ್ಲದೆ ಒಪ್ಪಿದರೆ, ಕನ್ನಡ ಲಿಪಿಯಲ್ಲಿ ತಮ್ಮ ನುಡಿ ಬರೆಯುವ ನೆರೆಯವರನ್ನು ತಾವೇ ಹಿಂದಿಗೆ ಬಿಟ್ಟುಕೊಟ್ಟಂತೆ. ಬೆಂಗಳೂರಿಗೆ ಉತ್ತರದಿಂದ ವಲಸೆ ಇರುವುದು ಸುಳ್ಳಲ್ಲ. ಅದನ್ನು ಅಳೆಯಲು ಹುಟ್ಟಿದ ಊರು, ಹಿಂದಿನ ವಾಸಸ್ಥಳ ಕೇಳುವ ವಲಸೆ ಕೋಷ್ಟಕಗಳೇ ಇವೆ. ತಲೆಮಾರುಗಳಿಂದ ಇಲ್ಲೇ ಇದ್ದು, ಮಳೆ ಕೈಕೊಟ್ಟಾಗ ಪುಣೆ, ಮುಂಬೈಗೆ ಗುಳೆ ಹೋಗುವ ತಾಂಡಾದವರನ್ನು ಹೊರಗಿನಿಂದ ಬಂದವರ ಪಟ್ಟಿಗೆ ಸೇರಿಸುವುದು ಅನ್ಯಾಯ.

ಮುಂದಿನ ಗಣತಿಯ ಆಧಾರ ದಿನ 2027ರ ಮಾರ್ಚ್ 1. ಗಣತಿದಾರರು ಮನೆಗೆ ಬಂದಾಗ ತಾಂಡಾದವರು ತಮ್ಮ ಭಾಷೆಗೆ ಒಂದೇ ಹೆಸರು ಬರೆಸಲಿ. ಗಣತಿ ಇಲಾಖೆ ಅದಕ್ಕೆ ಸ್ವಂತ ಸಾಲು ಕೊಡಲಿ. ಅಲ್ಲಿಯವರೆಗೆ ಹಿಂದಿಯ ಆ ಮೊತ್ತವನ್ನು ವಲಸೆಯ ಸಾಕ್ಷಿಯಾಗಿ ಯಾರೂ ಬಳಸಬಾರದು.