ಎತ್ತರದಿಂದ ಕಂಡ ಇತಿಹಾಸ: ಶಿಬಾ ರ್ಯೋತಾರೊ ಮತ್ತು ಜಪಾನಿನ ಐತಿಹಾಸಿಕ ಕಾದಂಬರಿ

1912ರ ಸೆಪ್ಟೆಂಬರ್ 13ರ ಸಂಜೆ, ಮೇಜಿ ಚಕ್ರವರ್ತಿಯ ಅಂತ್ಯಯಾತ್ರೆ ಟೋಕಿಯೋದ ಅರಮನೆಯಿಂದ ಹೊರಟ ಹೊತ್ತಿಗೆ, ಜನರಲ್ ನೊಗಿ ಮಾರೆಸುಕೆ ತನ್ನ ಮನೆಯಲ್ಲಿ ಹೊಟ್ಟೆ ಬಗೆದುಕೊಂಡು ಪ್ರಾಣ ಬಿಟ್ಟ. ಹೆಂಡತಿ ಶಿಜುಕೊ ಕೂಡ ಅವನ ಜೊತೆಗೇ ಸತ್ತಳು. ಒಡೆಯ ಸತ್ತರೆ ಬೆನ್ನಿಗೇ ಸಾಯುವ ಈ ಸಮುರಾಯ್ ಪದ್ಧತಿಯನ್ನು 17ನೆಯ ಶತಮಾನದಲ್ಲೇ ಶೋಗುನರ ಸರ್ಕಾರ ನಿಷೇಧಿಸಿತ್ತು. ರೈಲು, ತಂತಿ, ಸಂವಿಧಾನ ಎಲ್ಲವನ್ನೂ ತಂದುಕೊಂಡಿದ್ದ ದೇಶ ಈ ಸುದ್ದಿಗೆ ಬೆಚ್ಚಿಬಿತ್ತು. ಸೇನೆಯ ವೈದ್ಯಾಧಿಕಾರಿಯೂ ನೊಗಿಯನ್ನು ಹತ್ತಿರದಿಂದ ಬಲ್ಲವನೂ ಆಗಿದ್ದ ಮೋರಿ ಓಗಾಯ್ ಕೆಲವೇ ದಿನಗಳಲ್ಲಿ, ಒಡೆಯನ ಹಿಂದೆಯೇ ಸಾಯಹೊರಟ ಹಳೆಯ ಕಾಲದ ಸಮುರಾಯ್ ಒಬ್ಬನ ಕತೆ ಬರೆದ. ಅಲ್ಲಿಂದಾಚೆ ಅವನ ಬರವಣಿಗೆಯ ದಿಕ್ಕೇ ಬದಲಾಯಿತು.

55 ವರ್ಷಗಳ ನಂತರ, 1967ರಲ್ಲಿ, ಅದೇ ಸಾವಿನ ಬಗ್ಗೆ ಶಿಬಾ ರ್ಯೋತಾರೊ 'ಜುನ್‌ಶಿ' ಎಂಬ ಕಾದಂಬರಿ ಬರೆದ. ಓಗಾಯ್‌ಗೆ ಆ ಸಾವು ಗೌರವವನ್ನೂ ಗೊಂದಲವನ್ನೂ ಒಟ್ಟಿಗೆ ಹುಟ್ಟಿಸಿದ ಒಗಟಾಗಿತ್ತು. ಶಿಬಾನಿಗೆ ಕಂಡದ್ದು ಯುದ್ಧ ನಡೆಸಲು ಬಾರದ, ತನ್ನ ಬದುಕನ್ನೇ ಒಂದು ಆದರ್ಶಚಿತ್ರವಾಗಿ ತಿದ್ದಿಕೊಳ್ಳಲು ಹೊರಟ ಸೇನಾಧಿಪತಿ. ಇಬ್ಬರ ನಡುವೆ ಬದಲಾದದ್ದು ನೋಡುವವನು ನಿಂತ ಜಾಗ. ಜಪಾನಿನ ಐತಿಹಾಸಿಕ ಕಾದಂಬರಿಯನ್ನು ಅಳೆಯುವಾಗ ನಾವು ಸಾಮಾನ್ಯವಾಗಿ ಎಷ್ಟು ಸತ್ಯ, ಎಷ್ಟು ಕಲ್ಪನೆ ಎಂದು ಕೇಳುತ್ತೇವೆ. ಲೇಖಕ ಎಷ್ಟು ಎತ್ತರದಲ್ಲಿ ನಿಂತು ನೋಡುತ್ತಿದ್ದಾನೆ ಎಂದು ಕೇಳಿದರೆ ಈ ಪರಂಪರೆಯ ಬಲವೂ ದೌರ್ಬಲ್ಯವೂ ಹೆಚ್ಚು ಸ್ಪಷ್ಟವಾಗುತ್ತವೆ. ಶಿಬಾನ ವಿಷಯದಲ್ಲಂತೂ ಇದೇ ಮುಖ್ಯ ಪ್ರಶ್ನೆ.

ಓಗಾಯ್ ನಿಂತದ್ದು ದಾಖಲೆಯ ಪಕ್ಕದಲ್ಲಿ. 1913ರ 'ಅಬೆ ಇಚಿಜೊಕು'ದಲ್ಲಿ ಹೊಸೊಕಾವಾ ಮನೆತನದ ಒಡೆಯ ಸತ್ತಾಗ 18 ಮಂದಿ ಅನುಮತಿ ಪಡೆದು ಅವನ ಹಿಂದೆ ಸಾಯುತ್ತಾರೆ. ಅನುಮತಿ ಸಿಗದ ಅಬೆ ಎಂಬುವನು ಬದುಕಿದರೂ ಹೇಡಿ, ಸತ್ತರೂ ಅವಿಧೇಯ. ಕೊನೆಗೆ ಅವನ ಮನೆತನವೇ ನಾಶವಾಗುತ್ತದೆ. ಓಗಾಯ್ ಎಲ್ಲೂ ದನಿ ಎತ್ತುವುದಿಲ್ಲ, ಹೆಸರು, ಹುದ್ದೆ, ದಿನಾಂಕಗಳನ್ನು ಒಂದರ ಪಕ್ಕ ಒಂದು ಇಡುತ್ತಾ ಹೋಗುತ್ತಾನೆ. ಓದುಗನ ಎದೆ ನಡುಗುವುದು ಆ ತಣ್ಣನೆಯ ಪಟ್ಟಿಯಿಂದಲೇ. 1915ರಲ್ಲಿ ಅವನು ಒಂದು ಪ್ರಬಂಧದಲ್ಲಿ ಇತಿಹಾಸವನ್ನು ಇದ್ದಂತೆಯೇ ಬರೆಯುವ ಆಸೆ ಮತ್ತು ಅದರಿಂದ ಬಿಡಿಸಿಕೊಳ್ಳುವ ಆಸೆ ಎರಡೂ ತನ್ನಲ್ಲಿವೆ ಎಂದು ಒಪ್ಪಿಕೊಂಡ. ಮುಂದೆ ಈ ಇಬ್ಬಂದಿ ಜಗಳದ ವಸ್ತುವೂ ಆಯಿತು. ಇನೊವೆ ಯಾಸುಶಿ ಚೆಂಗೀಸ್ ಖಾನನ ಬಗ್ಗೆ ಬರೆದ 'ಆಓಕಿ ಓಕಾಮಿ' ಮೂಲ ಆಕರವನ್ನು ತಿರುಚಿದೆ ಎಂದು 1961ರಲ್ಲಿ ಲೇಖಕ ಓಒಕಾ ಶೋಹೆ ತಕರಾರು ತೆಗೆದ. ಆಮೇಲೆ ಓಗಾಯ್‌ನ 'ಸಕಾಯ್ ಜಿಕೆನ್' ಕತೆಯನ್ನೂ ಆಕರಗಳ ಪಕ್ಕದಲ್ಲಿಟ್ಟು ಪ್ರಶ್ನಿಸಿದ. ಇತಿಹಾಸ ಬರೆಯುವ ಕಾದಂಬರಿಕಾರನಿಗೆ ಲೆಕ್ಕ ಒಪ್ಪಿಸುವ ಹೊಣೆ ಇದೆ ಎಂಬ ಈ ಕಟ್ಟುನಿಟ್ಟು ಜಪಾನಿ ಸಾಹಿತ್ಯದ ದೊಡ್ಡ ಆಸ್ತಿ.

ಯೊಶಿಕಾವಾ ಎಯ್‌ಜಿ ನಿಂತದ್ದು ನಾಯಕನ ಎದೆಯೊಳಗೆ. ಅವನ 'ಮಿಯಾಮೊತೊ ಮುಸಾಶಿ' 1935ರಿಂದ 1939ರವರೆಗೆ 'ಅಸಾಹಿ' ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಐತಿಹಾಸಿಕ ಮುಸಾಶಿಯ ಬಗ್ಗೆ ತಿಳಿದದ್ದು ಕಡಿಮೆ. ಆ ಖಾಲಿ ಜಾಗವನ್ನು ಯೊಶಿಕಾವಾ ಸಾಧಕನೊಬ್ಬನ ಆತ್ಮಕತೆಯಂತೆ ತುಂಬಿದ. ಪುಂಡ ಹುಡುಗ ಕತ್ತಿಯ ಮೂಲಕ ತನ್ನನ್ನು ತಾನೇ ಗೆಲ್ಲುವ ಕತೆ ಚೀನಾದ ಯುದ್ಧಕ್ಕೆ ಹೊರಟ ಕಾಲದ ಓದುಗರಿಗೆ ಹಿತವಾಗಿತ್ತು. ಅದರ ತೊಂದರೆಯೂ ಅದೇ: ಒಬ್ಬನ ಆತ್ಮಸಾಧನೆಯ ಹೊರಗಿನ ಲೋಕ ಅಲ್ಲಿ ಬರಿಯ ಪರೀಕ್ಷೆಯ ಅಖಾಡ.

ಎರಡನೆಯ ಮಹಾಯುದ್ಧದ ಸೋಲಿನ ನಂತರದ ಜಪಾನಿಗೆ ಈ ಎರಡೂ ನಿಲುವು ಸಾಲಲಿಲ್ಲ. ಆಗ ಬಂದವನು ಶಿಬಾ. ನಿಜ ಹೆಸರು ಫುಕುದಾ ತೇಯಿಚಿ, ಹುಟ್ಟಿದ್ದು 1923ರಲ್ಲಿ ಒಸಾಕಾದಲ್ಲಿ, ಔಷಧದಂಗಡಿಯವನ ಮಗನಾಗಿ. ಒಸಾಕಾದ ವಿದೇಶಿ ಭಾಷಾ ಶಾಲೆಯಲ್ಲಿ ಮಂಗೋಲಿಯನ್ ಕಲಿಯುತ್ತಿದ್ದಾಗಲೇ, 1943ರಲ್ಲಿ, ಸೇನೆಗೆ ಕರೆ ಬಂತು. ಮಂಚೂರಿಯಾದ ಟ್ಯಾಂಕ್ ದಳ ಸೇರಿದ. ಯುದ್ಧ ಮುಗಿಯುವಾಗ ಅವನ ದಳ ಟೋಕಿಯೋದ ಉತ್ತರಕ್ಕಿದ್ದ ಸಾನೊ ಊರಲ್ಲಿತ್ತು. ಶತ್ರು ಕರಾವಳಿಗಿಳಿದರೆ ಟ್ಯಾಂಕುಗಳು ದಕ್ಷಿಣಕ್ಕೆ ನುಗ್ಗಬೇಕು, ಅದೇ ದಾರಿಯಲ್ಲಿ ಜನ ಗಾಡಿ ಕಟ್ಟಿಕೊಂಡು ಓಡಿಬರುತ್ತಿದ್ದರೆ ಏನು ಮಾಡುವುದು? ಹೀಗೆ ಕೇಳಿದಾಗ, ತುಳಿದುಕೊಂಡು ಹೋಗಿ ಎಂದು ಮೇಲಧಿಕಾರಿ ಹೇಳಿದನೆಂದು ಶಿಬಾ ಜೀವನದುದ್ದಕ್ಕೂ ನೆನೆಯುತ್ತಿದ್ದ. ಈ ನೆನಪನ್ನು ಅನುಮಾನಿಸಿದವರೂ ಇದ್ದಾರೆ. ಆದರೆ ಶಿಬಾನ ಬರಹದ ಬೇರು ಅಲ್ಲಿದೆ ಎಂಬುದರಲ್ಲಿ ಅನುಮಾನವಿಲ್ಲ. ಇಷ್ಟು ಮೂಢವಾದ ದೇಶ ಯಾವಾಗ ಹೀಗಾಯಿತು, ಮೊದಲು ಹೀಗಿರಲಿಲ್ಲವೇ? ತಾನು ಬರೆದದ್ದೆಲ್ಲ 22 ವರ್ಷದ ತನಗೇ ಬರೆದ ಪತ್ರ ಎಂದು ಅವನು ಮುಂದೆ ಹೇಳಿಕೊಂಡ.

ಯುದ್ಧದ ನಂತರ ಅವನು ಪತ್ರಕರ್ತನಾದ. 'ಸಾಂಕೇಯ್' ಪತ್ರಿಕೆಗೆ ಕ್ಯೋಟೋದ ದೇವಾಲಯಗಳ, ವಿಶ್ವವಿದ್ಯಾಲಯಗಳ ಸುದ್ದಿ ಬರೆದ. ಚೀನಾದ ಮಹಾ ಇತಿಹಾಸಕಾರ ಸಿಮಾ ಚಿಯಾನ್‌ನ ಹೆಸರನ್ನು ತನ್ನ ಕಾವ್ಯನಾಮದಲ್ಲಿ ಇಟ್ಟುಕೊಂಡು, ತಾನು ಅವನಿಂದ ಬಹಳ ದೂರ ಎಂಬ ವಿನಯವನ್ನೂ ಅದಕ್ಕೆ ಸೇರಿಸಿದ. ನಿಂಜಾಗಳ ಕತೆಯಾದ 'ಫುಕುರೊ ನೊ ಶಿರೊ'ಗೆ 1959ರ ನಾಒಕಿ ಪ್ರಶಸ್ತಿ ಬಂತು. 1962ರಿಂದ 1966ರವರೆಗೆ ಬರೆದ, ಸಕಾಮೊತೊ ರ್ಯೋಮಾ ಎಂಬ ಸಮುರಾಯ್‌ನ ಕತೆಯಾದ 'ರ್ಯೋಮಾ ಗಾ ಯುಕು' ಅವನನ್ನು ಮನೆಮಾತಾಗಿಸಿತು. ಅವನು ಹೊಸ ಕಾದಂಬರಿ ಹಿಡಿದನೆಂದರೆ ಆ ವಿಷಯದ ಪುಸ್ತಕಗಳೆಲ್ಲ ಟೋಕಿಯೋದ ಕಾಂದಾ ಬೀದಿಯ ಹಳೆ ಪುಸ್ತಕದಂಗಡಿಗಳಿಂದ ಮಾಯವಾಗುತ್ತಿದ್ದವು ಎಂಬ ಕತೆಯಿದೆ.

ಶಿಬಾನ ವಿಧಾನ ಅವನೇ ಹೇಳಿದಂತೆ ಎತ್ತರದ ಕಟ್ಟಡದ ಮೇಲೆ ಹತ್ತಿ ಕೆಳಗಿನ ಮನುಷ್ಯನನ್ನು ನೋಡುವುದು. ಅಲ್ಲಿಂದ ಆ ಮನುಷ್ಯ ಎಲ್ಲಿಂದ ಬಂದ, ಯಾವ ಬೀದಿಗೆ ತಿರುಗುತ್ತಾನೆ, ಅಲ್ಲಿ ಅವನಿಗಾಗಿ ಏನು ಕಾದಿದೆ ಎಲ್ಲವೂ ಕಾಣುತ್ತದೆ. ಕತೆಯ ಬಿರುಸಿನ ನಡುವೆ ಅವನು ಥಟ್ಟನೆ ನಿಂತು ಓದುಗನ ಕಡೆ ತಿರುಗುತ್ತಾನೆ, ಒಂದು ಸಂಸ್ಥಾನದ ಹಣಕಾಸು, ಒಂದು ಬಂದೂಕಿನ ರಚನೆ, ಒಂದು ಊರಿನ ಸ್ವಭಾವ ವಿವರಿಸುತ್ತಾನೆ. ಈ ಅಡ್ಡಮಾತುಗಳೇ ಅವನ ಗದ್ಯದ ಜೀವ. ಎದೆಗಾರಿಕೆಯ ಜಾಗದಲ್ಲಿ ಬುದ್ಧಿಯನ್ನು, ಭಕ್ತಿಯ ಜಾಗದಲ್ಲಿ ಲೆಕ್ಕಾಚಾರವನ್ನು ಕೂರಿಸಿದ ಮೊದಲ ಜನಪ್ರಿಯ ಕಾದಂಬರಿಕಾರ ಅವನೇ ಎನ್ನಬಹುದು. ಅವನ ರ್ಯೋಮಾ ಕತ್ತಿ ಬಲ್ಲವನಾದರೂ ಕನಸು ಕಾಣುವುದು ಹಡಗಿನ, ವ್ಯಾಪಾರದ ಬಗ್ಗೆ. ಸೋತು ಸುಣ್ಣವಾಗಿ ಮತ್ತೆ ಕಾರ್ಖಾನೆ ಕಟ್ಟುತ್ತಿದ್ದ ತಲೆಮಾರಿಗೆ ಇಂಥ ಪೂರ್ವಜ ಬೇಕಾಗಿದ್ದ.

ಆ ಪೂರ್ವಜ ಎಷ್ಟು ಗಟ್ಟಿಯಾಗಿ ನಿಂತನೆಂದರೆ, ಇಂದು ಜಪಾನೀಯರ ಮನಸ್ಸಿನಲ್ಲಿರುವ ಸಕಾಮೊತೊ ರ್ಯೋಮಾ ಬಹುಪಾಲು ಶಿಬಾನ ರ್ಯೋಮಾ. 1867ರಲ್ಲಿ ಕ್ಯೋಟೋದಲ್ಲಿ ಕೊಲೆಯಾದ ಈ ಕೆಳಸ್ತರದ ಸಮುರಾಯ್‌ನ ಹೆಸರನ್ನು 2003ರಲ್ಲಿ ಅವನ ಹುಟ್ಟೂರು ಕೋಚಿಯ ವಿಮಾನ ನಿಲ್ದಾಣಕ್ಕೂ ಇಟ್ಟರು. ಹಡಗಿನಲ್ಲಿ ಅವನು ರೂಪಿಸಿದನೆನ್ನಲಾದ ಎಂಟು ಅಂಶಗಳ ರಾಜ್ಯಯೋಜನೆಯ ಮೂಲ ಪ್ರತಿ ಸಿಕ್ಕಿಲ್ಲ, ಅದು ಇತ್ತೇ ಎಂದು ಇತಿಹಾಸಕಾರರು ಕೇಳುತ್ತಿದ್ದಾರೆ. ಇಷ್ಟಾದರೂ ಆ ರ್ಯೋಮಾ ಕದಲುವುದಿಲ್ಲ. ಕಾದಂಬರಿ ಇತಿಹಾಸದ ಜಾಗದಲ್ಲಿ ಕೂತಾಗ ಕಾದಂಬರಿಕಾರನ ಹೊಣೆ ಇಮ್ಮಡಿಯಾಗುತ್ತದೆ. ಅದನ್ನು ನಿಷ್ಠುರವಾಗಿ ಪರೀಕ್ಷಿಸಬೇಕಾದದ್ದು ಅವನ ಅತಿ ದೊಡ್ಡ ಕೃತಿಯಲ್ಲಿ.

1968ರಿಂದ 1972ರವರೆಗೆ ಬಂದ 'ಸಾಕಾ ನೊ ಉಎ ನೊ ಕುಮೊ', ಎಂದರೆ ಏರುದಾರಿಯ ಮೇಲಿನ ಮೋಡ, ಮಾತ್ಸುಯಾಮಾ ಊರಿನ ಮೂವರ ಕತೆ: ಅಶ್ವದಳ ಕಟ್ಟಿದ ಅಕಿಯಾಮಾ ಯೊಶಿಫುರು, ನೌಕಾಯುದ್ಧದ ತಂತ್ರ ಹೆಣೆದ ತಮ್ಮ ಸಾನೆಯುಕಿ, ಹಾಯ್ಕುವಿಗೆ ಹೊಸ ಜೀವ ಕೊಟ್ಟ ಕವಿ ಮಾಸಾಒಕಾ ಶಿಕಿ. ಯೌವನದ ಅಧ್ಯಾಯಗಳಷ್ಟು ಹೊಳೆಯುವ ಗದ್ಯ ಶಿಬಾನಲ್ಲಿ ಬೇರೆಲ್ಲೂ ಇಲ್ಲ. 1902ರಲ್ಲಿ, ಕ್ಷಯದಿಂದ ಹಾಸಿಗೆ ಹಿಡಿದ ಶಿಕಿ ಸಾಯುತ್ತಾನೆ. ಅಲ್ಲಿಂದ ಮುಂದೆ ಕಾದಂಬರಿ ರಷ್ಯಾ ಜೊತೆಗಿನ ಯುದ್ಧದ ನಕಾಶೆಯಾಗುತ್ತದೆ. ಪೋರ್ಟ್ ಆರ್ಥರ್ ಮುತ್ತಿಗೆಯಲ್ಲಿ ನೊಗಿ ಮತ್ತೆ ಕಾಣಿಸಿಕೊಳ್ಳುತ್ತಾನೆ. ಕಾಂಕ್ರೀಟ್ ಕೋಟೆಯ ಎದುರು ಪದಾತಿಗಳನ್ನು ಸಾಲುಸಾಲಾಗಿ ನೂಕುವ ಅವನ ಮೇಲೆ ಶಿಬಾನ ಕೋಪ ಕುದಿಯುತ್ತದೆ. ಸೇನಾ ಇತಿಹಾಸಕಾರರಲ್ಲಿ ಹಲವರು ಈ ಚಿತ್ರ ನೊಗಿಗೆ ಅನ್ಯಾಯ ಎಂದಿದ್ದಾರೆ. ಆ ಕೋಪದ ನಿಜವಾದ ಗುರಿ 1945ರ ಅಧಿಕಾರಿಗಳು ಎಂದು ನನಗನ್ನಿಸುತ್ತದೆ. ಅವರಿಗೆ ಕೇಳಲಾಗದ ಪ್ರಶ್ನೆಯನ್ನು ಶಿಬಾ 1904ರ ಜನರಲ್‌ಗೆ ಕೇಳುತ್ತಾನೆ.

ಅದಕ್ಕಿಂತ ದೊಡ್ಡ ದೋಷ ಬೇರೆ. ಈ ಯುದ್ಧಕ್ಕೆ ಕಾರಣ ಮಂಚೂರಿಯಾ ಮತ್ತು ಕೊರಿಯಾ. ಗೆದ್ದ ಐದು ವರ್ಷಕ್ಕೆ, 1910ರಲ್ಲಿ, ಜಪಾನ್ ಕೊರಿಯಾವನ್ನು ನುಂಗಿತು. ಇಷ್ಟು ದೊಡ್ಡ ಕಾದಂಬರಿಯಲ್ಲಿ ಕೊರಿಯಾದ ಜನ ಇಲ್ಲವೆಂಬಷ್ಟು ಕಡಿಮೆ. ಅವರ ನೆಲ ಇದೆ, ಅದರ ಆಯಕಟ್ಟಿನ ಬೆಲೆ ಇದೆ, ಮನುಷ್ಯರಿಲ್ಲ. ಮೇಜಿ ಕಾಲ ವಿವೇಕದ ಕಾಲ, ಅದರ ನಂತರ ಹಾದಿ ತಪ್ಪಿದ್ದು ಎಂಬ ಶಿಬಾನ ಚೌಕಟ್ಟು ನಿಲ್ಲಬೇಕಾದರೆ ಈ ಗೈರುಹಾಜರಿ ಬೇಕು. ಎತ್ತರದಿಂದ ನೋಡುವ ಕಣ್ಣಿಗೆ ದೇಶಗಳು ಕಾಣುತ್ತವೆ, ಅಂಗಳಗಳು ಕಾಣುವುದಿಲ್ಲ. ತಾನು ಬದುಕಿರುವವರೆಗೆ ಈ ಕೃತಿಯನ್ನು ತೆರೆಗೆ ತರಲು ಶಿಬಾ ಒಪ್ಪಲಿಲ್ಲ, ಯುದ್ಧದ ವೈಭವವಾಗಿ ಅದು ಓದಿಸಿಕೊಳ್ಳಬಹುದೆಂಬ ಅಳುಕು ಅವನಿಗಿತ್ತು. ಸರಣಿ ಬಂದದ್ದು ಅವನು ತೀರಿಕೊಂಡ ನಂತರ, 2009ರಲ್ಲಿ.

ಹಾಗಾದರೆ ಶಿಬಾ ಕೊರಿಯನ್ನರನ್ನು ನೋಡಲಾರದವನೇ? ಅಲ್ಲ. ಅದೇ 1968ರಲ್ಲಿ ಅವನು ಪ್ರಕಟಿಸಿದ 'ಕೊಕ್ಯೋ ಬೋಜಿಗಾತಾಕು ಸೋರೋ' ಎಂಬ ನೀಳ್ಗತೆ ಇದಕ್ಕೆ ಸಾಕ್ಷಿ. ಜಪಾನಿನ ಅಧಿಪತಿ ಹಿದೆಯೊಶಿ ಕೊರಿಯಾದ ಮೇಲೆ ನಡೆಸಿದ ದಂಡಯಾತ್ರೆಯ ಕೊನೆಯಲ್ಲಿ, 1598ರಲ್ಲಿ, ಸಾತ್ಸುಮಾದ ಸೈನ್ಯ ಕೊರಿಯಾದ ಕುಂಬಾರರನ್ನು ಸೆರೆಹಿಡಿದು ತಂದಿತು. ಅವರ ಸಂತತಿ ನಾಯೆಶಿರೊಗಾವಾ ಎಂಬ ಹಳ್ಳಿಯಲ್ಲಿ ಶತಮಾನಗಳ ಕಾಲ ಮಣ್ಣು ಹದಮಾಡುತ್ತಾ, ಭಟ್ಟಿ ಉರಿಸುತ್ತಾ, ತಮ್ಮ ಹೆಸರು ಉಳಿಸಿಕೊಂಡು ಬಾಳಿತು. ಶಿಬಾ ಅಂಥ ಒಂದು ಮನೆತನದ, 14ನೆಯ ತಲೆಮಾರಿನ ಚಿನ್ ಜುಕಾನ್‌ನ ಎದುರು ಕೂತು ಮಾತು ಕೇಳುತ್ತಾನೆ. ಶಾಲೆಯಲ್ಲಿ ಅವನು ತಿಂದ ಪೆಟ್ಟು, ಕೈಬಿಡದ ಕಸುಬು, ಸಿಯೋಲ್‌ನಲ್ಲಿ ವಿದ್ಯಾರ್ಥಿಗಳ ಮುಂದೆ ಅವನಾಡಿದ ಮಾತು ಎಲ್ಲವೂ ಇಲ್ಲಿ ಎದುರುಬದುರು ಕೂತ ದೂರದಿಂದ ಬಂದಿವೆ. ಇಲ್ಲಿ ಕಟ್ಟಡವಿಲ್ಲ, ಮಹಡಿಯಿಲ್ಲ. ಗೆದ್ದವರ ಇತಿಹಾಸ ಇನ್ನೊಬ್ಬರ ಬದುಕಿನಲ್ಲಿ ಏನಾಗಿ ಉಳಿಯಿತು ಎಂಬುದನ್ನು ಇಷ್ಟು ಹತ್ತಿರದಿಂದ ಬರೆದ ಜಪಾನಿ ಲೇಖಕರು ಕಡಿಮೆ.

ಅವನ ವಿಧಾನದ ಮಿತಿಯನ್ನು ಅವನು ಬರೆಯದೆ ಬಿಟ್ಟ ಪುಸ್ತಕವೂ ಹೇಳುತ್ತದೆ. 1939ರಲ್ಲಿ ನೊಮೊನ್‌ಹಾನ್‌ನಲ್ಲಿ ಸೋವಿಯತ್ ಮತ್ತು ಮಂಗೋಲ್ ಪಡೆಗಳ ಎದುರು ಜಪಾನಿ ಸೇನೆ ನುಚ್ಚುನೂರಾಯಿತು. ಟ್ಯಾಂಕ್ ದಳದಲ್ಲಿದ್ದವನು, ಮಂಗೋಲಿಯನ್ ಕಲಿತವನು, ವರ್ಷಗಟ್ಟಲೆ ದಾಖಲೆ ಕೂಡಿಹಾಕಿದವನು, ಬದುಕುಳಿದವರನ್ನು ಕಂಡು ಮಾತಾಡಿಸಿದವನು ಶಿಬಾ. ಆದರೂ ಬರೆಯಲಿಲ್ಲ. ಮೆಚ್ಚಬಹುದಾದ ಒಬ್ಬ ನಾಯಕ ಸಿಗದಿದ್ದರೆ ಅವನ ಕಾದಂಬರಿ ಮೇಲೇಳುತ್ತಿರಲಿಲ್ಲ. ಅವನ ಸಂಪಾದಕನಾಗಿದ್ದ ಹಾಂದೊ ಕಾಜುತೊಶಿ ಮುಂದೆ 1998ರಲ್ಲಿ ಆ ಯುದ್ಧದ ಕತೆ ಬರೆದ. ನಾಯಕನಿಲ್ಲದ ಇತಿಹಾಸವನ್ನು ಬೇರೆಯವರು ಕಾದಂಬರಿಯಲ್ಲೂ ಬರೆದರು. ಫುಜಿಸಾವಾ ಶೂಹೆ ಉನಾಸಾಕಾ ಎಂಬ ಕಲ್ಪಿತ ಸಂಸ್ಥಾನದ ಬಡ ಸಮುರಾಯ್‌ಗಳ ಮನೆಗಳೊಳಗೆ ಹೋದ. ಯೊಶಿಮುರಾ ಆಕಿರಾ 'ಸೆಂಕಾನ್ ಮುಸಾಶಿ'ಯಲ್ಲಿ ಯುದ್ಧನೌಕೆಯೊಂದರ ಹುಟ್ಟು ಸಾವನ್ನು, ಅದನ್ನು ಕಟ್ಟಿದವರ ಬೆವರಿನ ಮಟ್ಟದಲ್ಲಿ ನಿಂತು ದಾಖಲಿಸಿದ.

ಶಿಬಾನಿಗೂ ನೆಲ ಸೆಳೆಯುತ್ತಿತ್ತು. 1971ರಲ್ಲಿ ಶುರುವಾದ 'ಕಾಯ್‌ದೋ ಓ ಯುಕು' ಪ್ರವಾಸ ಬರಹವನ್ನು ಅವನು 1996ರ ಫೆಬ್ರವರಿಯಲ್ಲಿ ಸಾಯುವವರೆಗೂ ಬರೆದ, ಅದು 43 ಸಂಪುಟಗಳಾಯಿತು. ಶುರುವಿನಲ್ಲೇ ಕೊರಿಯಾಕ್ಕೂ ಹೋಗಿಬಂದ. ದಾರಿ ನಡೆದು, ಊರವರನ್ನು ಕಂಡು ಬರೆದ ಈ ಪುಟಗಳಲ್ಲಿ ತೀರ್ಪುಗಳು ಮೆತ್ತಗಾಗಿವೆ, ಕಿವಿ ಚುರುಕಾಗಿದೆ.

ಸೋತ ಜನಕ್ಕೆ ಬುದ್ಧಿಯ ಮೇಲೆ, ಸ್ವಂತ ವಿವೇಕದ ಮೇಲೆ ಮತ್ತೆ ನಂಬಿಕೆ ತಂದುಕೊಟ್ಟದ್ದು ಶಿಬಾನ ನಿಜವಾದ ಸಾಧನೆ, ಅದನ್ನು ಯಾವ ವಿಮರ್ಶೆಯೂ ಕಸಿಯಲಾರದು. ಅದಕ್ಕಾಗಿ ಅವನು ಏರಿದ ಎತ್ತರದಿಂದ ನೆರೆಮನೆಯವರು ಮರೆಯಾದರು ಎಂಬುದೂ ಅಷ್ಟೇ ನಿಜ. ಅವನನ್ನು ಹೊಸದಾಗಿ ಓದಹೊರಟವರು ಏರುದಾರಿಯ ಕಾದಂಬರಿಯೊಂದನ್ನೇ ಹಿಡಿದರೆ ಅರ್ಧ ಶಿಬಾ ಮಾತ್ರ ಸಿಗುತ್ತಾನೆ. ಕುಂಬಾರರ ಕತೆಯನ್ನು ಅದರ ಜೊತೆಗೇ ಓದಬೇಕು, ಸಾಧ್ಯವಾದರೆ ಅದನ್ನೇ ಮೊದಲು ಓದಬೇಕು. ಒಂದೇ ಕಾಲದಲ್ಲಿ, ಒಂದೇ ಕೈ ಬರೆದ ಈ ಎರಡು ಕೃತಿಗಳಲ್ಲಿ ಚಿಕ್ಕದು ದೊಡ್ಡದನ್ನು ತಿದ್ದುತ್ತದೆ. ತನ್ನನ್ನು ತಿದ್ದುವ ಪುಸ್ತಕವನ್ನೂ ತಾನೇ ಬರೆದಿಟ್ಟ ಲೇಖಕ ದೊಡ್ಡವನು.